ಕೋಲಾರದಲ್ಲಿ ಸಂಜೆ ನಡಿಗೆ: ಬಾಲ್ಯ ನೆನಪಾಗಬೇಕಾದರೆ ಹೀಗೆ ಹೋಗಿ

ಐದು ಗಂಟೆಗೆಲ್ಲ ಮನೆ ಬಿಡಿ. ಡಿಸೆಂಬರ್ ಆದರೆ ಇನ್ನೂ ಬೇಗ, ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಇಯರ್‌ಫೋನ್ ಬೇಡ.

ಮೊದಲು ಕೋಲಾರಮ್ಮನ ಗುಡಿಗೆ ಹೋಗಿ. ಅಲ್ಲೇ ಇರುವ ಚೇಳಿನ ದೇವತೆ ಚೇಳಮ್ಮನ ಹತ್ತಿರ ನೆಲದೊಳಗಿನ ಹುಂಡಿಗೆ ಚಿಕ್ಕವರಿದ್ದಾಗ ಕಾಸು ಹಾಕಿದ್ದು ನೆನಪಿದೆ ಅಲ್ವಾ? ನಾನಂತೂ ಅಜ್ಜಿಯ ಸೆರಗು ಬಿಗಿಯಾಗಿ ಹಿಡಿದು, ಚೇಳು ಎಲ್ಲಿ ಹೊರಗೆ ಬಂದುಬಿಡುತ್ತದೋ ಅಂತ ಒಂದು ಕಾಲು ಎತ್ತಿಕೊಂಡೇ ಕಾಸು ಬಿಟ್ಟು ಓಡುತ್ತಿದ್ದೆ. ಜೇಬಿನಲ್ಲಿ ಒಂದು ನಾಣ್ಯ ಇಟ್ಟುಕೊಳ್ಳಿ. ಅದು ಬೀಳುವ ಸದ್ದು ಕೇಳಿಸಿಕೊಳ್ಳಿ.

ಸೋಮೇಶ್ವರ ಗುಡಿ ಅಲ್ಲೇ ಹತ್ತಿರ. ಒಳಗೆ ಜಗಲಿ ಮೇಲೆ ಸುಮ್ನೆ ಕೂರಿ. ಇಡೀ ದಿನ ಬಿಸಿಲು ಕುಡಿದ ಕಲ್ಲು ಸಂಜೆಯಲ್ಲೂ ಬೆಚ್ಚಗಿರುತ್ತದೆ, ಆ ಬಿಸಿ ಅಂಗೈಗೆ ತಾಗಿದರೆ ಸಾಕು, ರಜೆಯ ದಿನಗಳೆಲ್ಲ ಸಾಲಾಗಿ ಬರುತ್ತವೆ.

ಊರ ಪಕ್ಕದ ಬೆಟ್ಟದಲ್ಲಿರುವ ಅಂತರಗಂಗೆಗೆ ಬೇರೆ ದಿನ ಇಟ್ಟುಕೊಳ್ಳಿ. ಮೆಟ್ಟಿಲು ಜಾಸ್ತಿ. ಕೋತಿಗಳಿವೆ, ಕೈಯಲ್ಲಿ ತಿಂಡಿ ಹಿಡಿಯಬೇಡಿ. ಅಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿಗೆ ಕೈಯೊಡ್ಡಿ, ಕತ್ತಲಾಗುವ ಮೊದಲು ಇಳಿದುಬಿಡಿ.

ಊರಾಚೆ ಹಿಪ್ಪುನೇರಳೆ ತೋಟ ಕಂಡರೆ ರೈತರನ್ನು ಕೇಳಿಯೇ ಹಣ್ಣು ಕೀಳಿ. ಔಷಧಿ ಹೊಡೆದಿದ್ದಾರಾ ಅಂತಲೂ ಕೇಳಿ. ಒಂದು ಹಣ್ಣು ತಿಂದರೆ ಸಾಕು, ಬೆರಳು, ನಾಲಿಗೆ ಎರಡೂ ನೇರಳೆ ಬಣ್ಣ! ಯೂನಿಫಾರಂಗೆ ಕಲೆ ಮಾಡಿಕೊಂಡು ಅಮ್ಮನ ಹತ್ತಿರ ಬೈಸಿಕೊಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಮನೆಗೆ ಬಂದ ಮೇಲೆ ಅಕ್ಕನಿಗೋ ತಮ್ಮನಿಗೋ ಅವತ್ತೇ ಫೋನ್ ಮಾಡಿ. ನಿಮಗೆ ಅರ್ಧ ನೆನಪಿದ್ದರೆ ಉಳಿದರ್ಧ ಅವರ ಹತ್ತಿರ ಇರುತ್ತದೆ.