ದುಬೈಗೆ ಹೊಸದಾಗಿ ಬರುವ ಕೊಡಗಿನವರಿಗೆ: ದಿರ್ಹಮ್ ಎಷ್ಟು ತರಬೇಕು, ಎಲ್ಲಿ ಬದಲಿಸಬೇಕು

ಊರಿನಿಂದ ಯಾರಾದರೂ ದುಬೈಗೆ ಹೊರಟರೆ ಫೋನಿನಲ್ಲಿ ಮೊದಲು ಬರುವ ಪ್ರಶ್ನೆ ಇದೇ: "ಅಣ್ಣಾ, ಎಷ್ಟು ದುಡ್ಡು ತರ್ಬೇಕು? ಎಲ್ಲಿ ಚೇಂಜ್ ಮಾಡ್ಬೇಕು?" 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ವಿರಾಜಪೇಟೆ, ಸಿದ್ದಾಪುರ, ಗೋಣಿಕೊಪ್ಪ ಕಡೆಯವರಿಗೆ ಬರುವುದು ಸುಲಭವಾಗಿದೆ. ಆದರೆ ದುಡ್ಡಿನ ಕೆಲಸವನ್ನು ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ.

ನಮ್ಮ ಕಡೆಯ ಸಣ್ಣ ಬ್ಯಾಂಕ್ ಶಾಖೆಗಳಲ್ಲಿ ಹೋದ ತಕ್ಷಣ ದುಬೈನ ಹಣವಾದ ದಿರ್ಹಮ್ ನೋಟು ಸಿಗುವುದು ಕಷ್ಟ. ಮೊದಲೇ ಹೇಳಿ ತರಿಸಬೇಕು, ಇಲ್ಲವಾದರೆ ಮೈಸೂರಿಗೋ ಮಂಗಳೂರಿಗೋ ಕಣ್ಣೂರಿಗೋ ಹೋಗಬೇಕು. ಆಟಿ ತಿಂಗಳ ಮಳೆಯಲ್ಲಿ ಕಣ್ಣೂರಿಗೆ ಹೋಗುವ ಮಾಕುಟ್ಟ ರಸ್ತೆ ಯಾವತ್ತು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಟಿಕೆಟ್ ಆದ ವಾರದಲ್ಲೇ ಈ ಕೆಲಸ ಮುಗಿಸಿ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಕಾರ್ಡ್ ಜೊತೆಗಿರಲಿ. ರೂಪಾಯಿ ನಗದು ಕೊಟ್ಟು 50,000ದ ವರೆಗೆ ಮಾತ್ರ ವಿದೇಶಿ ಹಣ ಕೊಳ್ಳಬಹುದು. ಅದಕ್ಕಿಂತ ಜಾಸ್ತಿಯಾದರೆ ನಿಮ್ಮ ಖಾತೆಯಿಂದಲೇ ಹೋಗಬೇಕು. ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ ತರಬಹುದಾದ ಮಿತಿ 3,000 ಡಾಲರ್, ಅಂದರೆ ಸುಮಾರು 11,000 ದಿರ್ಹಮ್. ಉಳಿದದ್ದು ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡ್‌ನಲ್ಲಿ ಬರಲಿ.

ಡಾಲರ್ ತಂದು ಇಲ್ಲಿ ದುಬೈಯಲ್ಲಿ ದಿರ್ಹಮ್ ಮಾಡಿಸುತ್ತೇನೆ ಅನ್ನುವವರಿದ್ದಾರೆ. ದಿರ್ಹಮ್ 1997ರಿಂದ ಡಾಲರ್‌ಗೆ 3.6725ರ ಲೆಕ್ಕದಲ್ಲಿ ಕಟ್ಟಿಹಾಕಿದ ಹಣ. ಡಾಲರ್ ಏರಿದರೆ ಅದೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಹಾಗಾಗಿ ಡಾಲರ್ ಇಟ್ಟುಕೊಂಡರೆ ಯಾವ ಲಾಭವೂ ಇಲ್ಲ, ಎರಡು ಸಲ ಬದಲಿಸಿ ಎರಡು ಸಲ ಕಳೆದುಕೊಳ್ಳುತ್ತೀರಿ ಅಷ್ಟೇ. ನೇರವಾಗಿ ದಿರ್ಹಮ್ ಕೊಳ್ಳಿ.

ಈಗ ಮುಖ್ಯ ವಿಷಯ. ಹಣ ಬದಲಿಸುವ ಅಂಗಡಿಯಲ್ಲಿ "ರೇಟ್ ಎಷ್ಟು?" ಅಂತ ಮಾತ್ರ ಕೇಳಿ ಸುಮ್ಮನಾಗಬೇಡಿ. ಕಾಫಿ ಮಾರುವಾಗ ಮೂಟೆಯ ರೇಟ್ ಒಂದನ್ನೇ ಕೇಳಿ ಯಾರಾದರೂ ಗಾಡಿಗೆ ಲೋಡ್ ಮಾಡುತ್ತಾರಾ? ಔಟ್‌ಟರ್ನ್ (ಮೂಟೆಯಿಂದ ಸಿಗುವ ಬೀಜದ ಪ್ರಮಾಣ) ಎಷ್ಟು ಹಿಡಿಯುತ್ತಾರೆ, ತೇವಕ್ಕೆ ಎಷ್ಟು ಕಳೆಯುತ್ತಾರೆ ಅಂತ ನೋಡಿ ಕೈಗೆ ಬರುವ ಲೆಕ್ಕ ಹಾಕುತ್ತೀರಿ. ಇಲ್ಲೂ ಅದೇ ಲೆಕ್ಕ ಹಾಕಿ. "ಇಷ್ಟು ರೂಪಾಯಿ ಕೊಡ್ತೇನೆ, ಎಲ್ಲ ಖರ್ಚು ಕಳೆದು ಕೈಗೆ ಎಷ್ಟು ದಿರ್ಹಮ್ ಬರುತ್ತೆ?" ಅಂತ ಕೇಳಿ. ಎರಡು ಮೂರು ಕಡೆ ಇದೇ ಪ್ರಶ್ನೆ ಕೇಳಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. "ಕಮಿಷನ್ ಇಲ್ಲ" ಅಂತ ದೊಡ್ಡದಾಗಿ ಬರೆದಿದ್ದರೆ ಅವರ ಲಾಭ ರೇಟಿನ ಒಳಗೇ ಇದೆ ಅಂತ ತಿಳಿಯಿರಿ. ಜಿಎಸ್‌ಟಿ ಹೆಸರಲ್ಲಿ ದೊಡ್ಡ ಮೊತ್ತ ಹಾಕಿದ್ದರೆ ಬಿಲ್ ಬಿಡಿಸಿ ತೋರಿಸಲು ಹೇಳಿ. ಒಂದು ಲಕ್ಷ ರೂಪಾಯಿ ಬದಲಿಸಿದರೂ ಆ ವಹಿವಾಟಿನ ಜಿಎಸ್‌ಟಿ 180 ರೂಪಾಯಿ ಮಾತ್ರ. ರಸೀದಿ ಬಿಡದೆ ಇಸ್ಕೊಳ್ಳಿ.

ರಜೆಗೆ ಬಂದ ಗಲ್ಫ್‌ನವರ ಹತ್ತಿರ ರೂಪಾಯಿ ಕೊಟ್ಟು ದಿರ್ಹಮ್ ಕೊಳ್ಳುವುದು ನಮ್ಮ ಕಡೆ ಮಾಮೂಲಿ. ರೇಟ್ ಚೆನ್ನಾಗಿರಬಹುದು, ಆದರೆ ಕಾನೂನು ಒಪ್ಪುವುದಿಲ್ಲ. ರಿಸರ್ವ್ ಬ್ಯಾಂಕ್ ಅನುಮತಿ ಇರುವವರ ಹತ್ತಿರ ಮಾತ್ರ ಕೊಳ್ಳಬೇಕು. ಮಾವನೋ ಚಿಕ್ಕಪ್ಪನೋ ಪ್ರೀತಿಯಿಂದ ನೂರು ದಿರ್ಹಮ್ ಕೈಗಿಟ್ಟರೆ ಅದು ಬೇರೆ ಮಾತು, ಅದಕ್ಕೆ ಅಡ್ಡಿ ಇಲ್ಲ.

ಕೈಯಲ್ಲಿ ಎಷ್ಟಿರಬೇಕು? ಕಂಪನಿಯೇ ರೂಮ್ ಕೊಡುವುದಾದರೆ ಮೊದಲ ದಿನಗಳಿಗೆ 500 ದಿರ್ಹಮ್ ನೋಟು ಸಾಕು ಅಂತ ನನ್ನ ಅಭಿಪ್ರಾಯ. ರೂಮ್ ನೀವೇ ನೋಡಿಕೊಳ್ಳಬೇಕಾದರೆ ಮುಂಗಡ, ತಿಂಗಳ ಬಾಡಿಗೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿ, ಬೆಡ್ ಸ್ಪೇಸ್ (ಹಂಚಿಕೊಂಡ ರೂಮಿನಲ್ಲಿ ಒಂದು ಹಾಸಿಗೆಯ ಜಾಗ) ಕೊಡುವವರು ನಗದನ್ನೇ ಕೇಳುವುದು ಹೆಚ್ಚು. ಸಂಬಳ ಬರುವುದು ತಿಂಗಳು ಕಳೆದ ಮೇಲೆ, ಅದನ್ನು ಮರೆಯಬೇಡಿ. 10, 20, 50ರ ನೋಟು ಕೇಳಿ ತೆಗೆದುಕೊಳ್ಳಿ. ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಮೀಟರ್ 25 ದಿರ್ಹಮ್‌ನಿಂದ ಶುರುವಾಗುತ್ತದೆ. ಅಲ್ಲಿ 1,000ದ ನೋಟು ಹಿಡಿದರೆ ಚಿಲ್ಲರೆಗೆ ಪರದಾಟ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದೇ ಇಲ್ಲ, ಮೊದಲೇ ದುಡ್ಡು ತುಂಬಿಸಿಕೊಳ್ಳುವ ನೋಲ್ ಪ್ರಯಾಣ ಕಾರ್ಡ್ ಬೇಕು.

ನಾಣ್ಯ ನೋಡಿದರೆ ಹೊಸಬರಿಗೆ ಗಲಿಬಿಲಿ ಆಗುತ್ತದೆ, ಬೆಲೆ ಅರೇಬಿಕ್ ಅಂಕಿಯಲ್ಲಿದೆ. ಚಿತ್ರ ನೋಡಿ ಗುರುತಿಟ್ಟುಕೊಳ್ಳಿ. ಕೊಕ್ಕಿನಂಥ ಮೂತಿಯ ಕಾಫಿ ಹೂಜಿ ಇದ್ದರೆ ಒಂದು ದಿರ್ಹಮ್. ಏಳು ಮೂಲೆಯ ನಾಣ್ಯ 50 ಫಿಲ್ಸ್ (ನೂರು ಫಿಲ್ಸ್ ಸೇರಿದರೆ ಒಂದು ದಿರ್ಹಮ್), ಜಿಂಕೆ ಇದ್ದರೆ 25 ಫಿಲ್ಸ್. ನೋಟಿನಲ್ಲಿ ಆ ತೊಂದರೆ ಇಲ್ಲ, ತಿರುಗಿಸಿದರೆ ಇಂಗ್ಲಿಷ್ ಅಂಕಿ ಇರುತ್ತದೆ. ಕೆಲವು ನೋಟು ಈಗ ಪ್ಲಾಸ್ಟಿಕ್‌ನಂತೆ ನುಣುಪಾಗಿವೆ. ಅವೂ ಅಸಲಿಯೇ, ಹೆದರಬೇಡಿ.

ನಿಮ್ಮ ಊರಿನ ಬ್ಯಾಂಕಿನ ಕಾರ್ಡ್ ಇಲ್ಲಿ ನಡೆಯುತ್ತದಾ ಅಂದರೆ, ನಡೆಯುತ್ತದೆ, ವಿದೇಶಿ ವಹಿವಾಟು ಆನ್ ಮಾಡಿದ್ದರೆ. ಹೊಸ ಕಾರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಮನೆಯಲ್ಲಿದ್ದಾಗಲೇ ಬ್ಯಾಂಕ್ ಆಪ್‌ನಲ್ಲಿ ಆನ್ ಮಾಡಿ, ಸಿಮ್‌ಗೆ ರೋಮಿಂಗ್ ಹಾಕಿಸಿ. ಓಟಿಪಿ ಬಾರದಿದ್ದರೆ ಎಲ್ಲ ಇದ್ದೂ ಇಲ್ಲದಂತೆ. ಕ್ರೆಡಿಟ್ ಕಾರ್ಡ್‌ನಲ್ಲಿ ಎಟಿಎಂ ನಗದು ತೆಗೆಯಲೇಬೇಡಿ. ಶುಲ್ಕದ ಜೊತೆಗೆ ಅವತ್ತಿನಿಂದಲೇ ಬಡ್ಡಿ ಓಡುತ್ತದೆ. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡ್‌ನಲ್ಲಿ ತೆಗೆಯುವಾಗಲೂ ಸಲಕ್ಕೆ ಇಷ್ಟು ಅಂತ ಶುಲ್ಕ ಇರುವುದರಿಂದ ಚೂರುಚೂರು ತೆಗೆಯುವ ಬದಲು ಒಟ್ಟಿಗೆ ತೆಗೆಯಿರಿ.

ಎಟಿಎಂ ಪರದೆ ಮೇಲೆ ಒಂದು ಜಾಗದಲ್ಲಿ ಕಣ್ಣಿಟ್ಟು ಓದಿ. 500 ದಿರ್ಹಮ್ ಒತ್ತಿದ ಮೇಲೆ, "ಇದು ಇಷ್ಟು ರೂಪಾಯಿ, ಈ ದರ ಒಪ್ಪಿಗೆಯಾ?" ಅಂತ ಯಂತ್ರ ಕೇಳುತ್ತದೆ. ರೂಪಾಯಿ ಕಂಡ ಕೂಡಲೇ ಮನಸ್ಸಿಗೆ ಸಮಾಧಾನವಾಗಿ ಕೈ ಹೌದು ಒತ್ತಿಬಿಡುತ್ತದೆ. ಬೇಡ ಅನ್ನುವುದನ್ನು ಒತ್ತಿ. ದುಡ್ಡು ಹೇಗೂ ಬರುತ್ತದೆ, ಬದಲಾವಣೆ ದರವನ್ನು ಆ ಯಂತ್ರದವರ ಬದಲು ನಿಮ್ಮ ಕಾರ್ಡಿನ ಕಡೆಯವರು ಹಾಕುತ್ತಾರೆ; ಅದು ಬಹುತೇಕ ಕಡಿಮೆಯೇ ಬೀಳುತ್ತದೆ. ಅಂಗಡಿಯ ಸ್ವೈಪ್ ಯಂತ್ರದಲ್ಲೂ ಹೀಗೆಯೇ, ದಿರ್ಹಮ್‌ನಲ್ಲೇ ಬಿಲ್ ಮಾಡಲು ಹೇಳಿ.

ಊರಿಂದ ರೂಪಾಯಿ ತರುವುದಾದರೆ 25,000 ಮಿತಿ. ಇಳಿದ ತಕ್ಷಣ ನಿಲ್ದಾಣದ ಕೌಂಟರ್‌ನಲ್ಲಿ ಅಷ್ಟನ್ನೂ ಬದಲಿಸಬೇಡಿ. ಅಂದಿನ ಖರ್ಚಿಗೆ ಬೇಕಾದಷ್ಟು ಸಾಕು. ದೇರಾ, ಬರ್ ದುಬೈ, ಕರಾಮಾ ಬೀದಿಗಳಲ್ಲಿ ಎಕ್ಸ್‌ಚೇಂಜ್‌ಗಳು ಸಾಲಾಗಿವೆ, ಪೈಪೋಟಿಯೂ ಇದೆ. ಪಾಸ್‌ಪೋರ್ಟ್ ಒಯ್ಯಿರಿ. ನೋಟು ಅಲ್ಲೇ ಕೌಂಟರ್ ಮುಂದೆ ಎಣಿಸಿ.

ಕೆಲಸಕ್ಕೆ ಸೇರಿ ನಿಂತ ಮೇಲೆ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಓ (ಹೊರದೇಶದಲ್ಲಿರುವವರ ಊರಿನ ಆದಾಯಕ್ಕೆ ಇರುವ ಖಾತೆ)ಗೆ ಬದಲಿಸಬೇಕು. ತೋಟದ ಕಾಫಿ, ಮೆಣಸು ಮಾರಿದ ಹಣ ಅದಕ್ಕೆ ಹೋಗಲಿ. ಇಲ್ಲಿ ದುಡಿದು ಕಳಿಸುವುದಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ. ಬ್ಯಾಂಕ್ ಬಿಟ್ಟು ಗುಟ್ಟಾಗಿ ಊರಿಗೆ ಹಣ ಮುಟ್ಟಿಸುವ ಹುಂಡಿಯವರು ಎಷ್ಟೇ ಒಳ್ಳೆ ರೇಟ್ ಹೇಳಲಿ, ಆ ದಾರಿ ಬೇಡವೇ ಬೇಡ. ಹಣ ಹೋದರೆ ಕೇಳಲು ಜಾಗವಿಲ್ಲ, ಸಿಕ್ಕಿಬಿದ್ದರೆ ಮನೆಯವರೂ ಸಿಕ್ಕಿಬೀಳುತ್ತಾರೆ.

ಅಪ್ಪ ಅಮ್ಮ ನೋಡಲು ಬಂದು ವಾಪಸ್ ಹೋಗುವಾಗ ದಿರ್ಹಮ್ ಉಳಿದರೆ, 2,000 ಡಾಲರ್ ಬೆಲೆಯ ವರೆಗೆ ನೋಟು ಇಟ್ಟುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಇದ್ದರೆ 180 ದಿನದೊಳಗೆ ವಾಪಸ್ ಕೊಟ್ಟು ರೂಪಾಯಿ ಮಾಡಿಸಬೇಕು. ನಾಣ್ಯವನ್ನು ಊರಲ್ಲಿ ಬದಲಿಸಿಕೊಡುವವರು ಸಿಗುವುದು ಕಷ್ಟ. ಹೊರಡುವ ಮೊದಲೇ ಅದನ್ನು ಪಕ್ಕದ ಗ್ರೋಸರಿಯಲ್ಲಿ ಖರ್ಚು ಮಾಡಿಬಿಡಿ.