7 ಮತ್ತು 11 ಮೊದಲ ಕ್ವಾರ್ಟರ್ ಬೆಂಚಿನಲ್ಲಿ: ನನ್ನ ಅನುಭವ

ಹೋದ ವರ್ಷ ಇಂಟರ್ ಕಾಲೇಜಿಯೇಟ್ ಬಾಸ್ಕೆಟ್‌ಬಾಲ್ ಫೈನಲ್ ಗೆದ್ದ ಮೇಲೆ ಬೇರೆ ಕಾಲೇಜುಗಳ ಮೂರ್ನಾಲ್ಕು ಜನ ಪಿ.ಡಿ.ಗಳು (ದೈಹಿಕ ಶಿಕ್ಷಣ ನಿರ್ದೇಶಕರು) ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. “ಮೇಡಂ, ಆ ಇಬ್ಬರು ಸ್ಟಾರ್‌ಗಳನ್ನ ಮೊದಲ ಕ್ವಾರ್ಟರ್ ಪೂರ್ತಿ ಹೊರಗೆ ಕೂರಿಸಿಕೊಂಡು ಹೇಗೆ ಗೆದ್ರಿ?” ಇವರಲ್ಲಿ ಇಬ್ಬರು ಅದೇ ಟೂರ್ನಮೆಂಟಿನ ಮೊದಲ ದಿನ ನಮ್ಮ ಸ್ಕೋರ್ ನೋಡಿ ನಕ್ಕವರು. ಒಬ್ಬರಂತೂ ಸ್ಕೋರರ್ ಟೇಬಲ್ ಹತ್ತಿರ ನಿಂತು “ಮೇಡಂಗೆ ಏನೋ ಆಗಿದೆ” ಅಂದಿದ್ದು ನನ್ನ ಕಿವಿಗೂ ಬಿದ್ದಿತ್ತು. ಎಲ್ಲರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಬರೆದೇ ಬಿಡೋಣ ಅನ್ನಿಸಿತು. ಆಟ ಗೊತ್ತಿರುವವರಿಗೆ ಬರೆಯುತ್ತಿದ್ದೇನೆ. ಸ್ಕ್ರೀನ್ ಅಂದರೇನು, ಬಾಕ್ಸ್ ಔಟ್ ಅಂದರೇನು ಅಂತ ಇಲ್ಲಿ ಉದ್ದಕ್ಕೆ ವಿವರಿಸೋದಿಲ್ಲ. ಅಂಕಿಗಳೆಲ್ಲ ನೆನಪಿನಿಂದ, ಒಂದೆರಡು ಆಚೀಚೆ ಆದೀತು.

ನಮ್ಮದು ಮೈಸೂರು ಕಡೆಯ ಮಹಿಳಾ ಡಿಗ್ರಿ ಕಾಲೇಜು. ಸಿಮೆಂಟ್ ಕೋರ್ಟು, ಒಂದು ಬೋರ್ಡು ಸ್ವಲ್ಪ ವಾಲಿದೆ. ಲಿಸ್ಟಿನಲ್ಲಿ ಹನ್ನೆರಡು ಹೆಸರು, ಬೆಳಿಗ್ಗೆ ಆರೂವರೆಗೆ ಬರುವವರು ಎಂಟೋ ಒಂಬತ್ತೋ. ಅದರಲ್ಲಿ ಇಬ್ಬರೇ ನಿಜವಾದ ಆಟಗಾರ್ತಿಯರು. ಹೆಸರು ಬೇಡ, ಜೆರ್ಸಿ ನಂಬರಿನಲ್ಲೇ ಹೇಳುತ್ತೇನೆ. 7 ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವವಳು, ಸ್ಪೋರ್ಟ್ಸ್ ಹಾಸ್ಟೆಲ್‌ನಲ್ಲಿ ಬೆಳೆದವಳು, ಎರಡೂ ಕೈಯಲ್ಲಿ ಲೇ ಅಪ್ ಹಾಕುತ್ತಾಳೆ. 11 ಪೋಸ್ಟ್, ರಿಂಗಿನ ಹತ್ತಿರ ಆಡುವವಳು, ಐದಡಿ ಹತ್ತಿಂಚಿನ ಮೇಲಿದ್ದಾಳೆ. ನಮ್ಮ ಕಡೆ ಅಷ್ಟು ಎತ್ತರದ ಹುಡುಗಿ ಸಿಕ್ಕರೆ ಹಬ್ಬ. ತಂಡ 50 ಪಾಯಿಂಟ್ ಮಾಡಿದರೆ ಅದರಲ್ಲಿ 40 ಇವರಿಬ್ಬರದೇ.

ಉಳಿದ ಮೂವರು ಕೋರ್ಟಿನಲ್ಲಿ ಏನು ಮಾಡುತ್ತಿದ್ದರು ಅಂದರೆ, ಚೆಂಡು ಕೈಗೆ ಬಂದ ಕೂಡಲೇ “ಅಕ್ಕಾ” ಅಂತ ಕೂಗಿ 7ಕ್ಕೆ ಕೊಡುತ್ತಿದ್ದರು. ರಿಂಗಿನ ಕೆಳಗೆ ತಾವೊಬ್ಬರೇ ನಿಂತಿದ್ದರೂ ಕೊಡುತ್ತಿದ್ದರು. ಹಾಸ್ಟೆಲ್‌ನಲ್ಲಿ ಅಕ್ಕನ ಬಕೆಟ್‌ಗೆ ಬಿಸಿನೀರು ಹಿಡಿದಿಡುವ ಹುಡುಗಿ, ಕೋರ್ಟಿನಲ್ಲಿ ಅಕ್ಕನನ್ನು ಬಿಟ್ಟು ತಾನೇ ಶಾಟ್ ಹೊಡೆಯೋದು ಸುಲಭ ಅಲ್ಲ. ಇತ್ತ 7 ಮತ್ತು 11ಕ್ಕೆ ಸೋಮಾರಿತನ ಬಂದಿತ್ತು. ಅಟ್ಯಾಕ್‌ಗೆ ಓಡುವುದು, ಡಿಫೆನ್ಸ್‌ಗೆ ನಡೆದುಕೊಂಡು ಬರುವುದು. ತಮ್ಮನ್ನು ಯಾರೂ ತೆಗೆಯೋದಿಲ್ಲ ಅಂತ ಅವರಿಗೆ ಗೊತ್ತಿತ್ತು. ಎದುರು ತಂಡಗಳಿಗೂ ನಮ್ಮ ಗುಟ್ಟು ಗೊತ್ತಾಗಿತ್ತು. 7ರ ಮೇಲೆ ಬಾಕ್ಸ್ ಅಂಡ್ ಒನ್ ಹಾಕಿದರೆ, ಅಂದರೆ ಒಬ್ಬಳು 7ಕ್ಕೆ ಅಂಟಿಕೊಂಡು ಉಳಿದ ನಾಲ್ವರು ರಿಂಗಿನ ಮುಂದೆ ಜಾಗ ಕಾದರೆ, ನಮ್ಮ ಕಥೆ ಮುಗಿಯಿತು. ವರ್ಷ ವರ್ಷ ಕ್ವಾರ್ಟರ್ ಫೈನಲ್‌ನಲ್ಲೋ ಸೆಮಿಯಲ್ಲೋ ಗಂಟು ಮೂಟೆ ಕಟ್ಟುತ್ತಿದ್ದೆವು.

ಮೊದಲು ಮಾಡಿ ನೋಡಿದ್ದೆಲ್ಲ ನೆಲ ಕಚ್ಚಿತು. ಎಲ್ಲ ಕೋಚ್‌ಗಳೂ ಮಾಡುವ ಹಾಗೆ, ಪ್ರಾಕ್ಟೀಸ್‌ಗೆ ತಡವಾಗಿ ಬಂದ ಸ್ಟಾರ್‌ಗೆ ಮ್ಯಾಚಿನಲ್ಲಿ ಬೆಂಚು ತೋರಿಸಿದೆ. ಆಗ 7ರ ಜಾಗದಲ್ಲಿ ಇನ್ನೊಬ್ಬಳಿದ್ದಳು. ಅವಳು ಮುಖ ಊದಿಸಿಕೊಂಡು ಟವೆಲ್ ತಲೆ ಮೇಲೆ ಹಾಕಿಕೊಂಡು ಕೂತಳು. ಒಳಗಿದ್ದವರು ಅಪರಾಧ ಮಾಡಿದವರ ಹಾಗೆ ಅವಳ ಕಡೆಯೇ ನೋಡುತ್ತಾ ಆಡಿದರು. ಸುಮಾರಾದ ತಂಡದ ಮೇಲೆ 20 ಪಾಯಿಂಟ್‌ನಲ್ಲಿ ಸೋತೆವು. ಮರುದಿನ ಅವಳ ಅಪ್ಪ ಕಾಲೇಜಿಗೆ ಬಂದರು. ಮುಂದಿನ ವರ್ಷ ಇನ್ನೊಂದು ಕಾಲೇಜು ಹಾಸ್ಟೆಲ್ ಫ್ರೀ, ಶೂಸ್ ಫ್ರೀ ಅಂತ ಹೇಳಿ ಅವಳನ್ನು ಕರೆದುಕೊಂಡಿತು. ನಮ್ಮ ಕಾಲೇಜು ಅವಳ ಮೇಲೆ ಹಾಕಿದ್ದ ಫೀಸು ಕನ್ಸೆಷನ್, ಕಿಟ್ಟು, ಎಲ್ಲ ಸೇರಿ 30 ಸಾವಿರದ ಹತ್ತಿರ ನೀರಿಗೆ ಹೋಯಿತು. ಪ್ರಿನ್ಸಿಪಾಲರು ಆ ಲೆಕ್ಕವನ್ನು ನನಗೆ ಇವತ್ತಿಗೂ ನೆನಪಿಸುತ್ತಾರೆ.

ಆಮೇಲೆ ಸ್ಟಾರ್‌ಗಳು ನಡೆದರೆ ಇಡೀ ತಂಡಕ್ಕೆ ಸೂಸೈಡ್ ರನ್, ಅಂದರೆ ಕೋರ್ಟಿನ ಒಂದೊಂದು ಗೆರೆಗೂ ಓಡಿ ವಾಪಸ್ ಬರುವುದು, ಅಂತ ಮಾಡಿದೆ. ಓಡಿದ್ದು ಜೂನಿಯರ್‌ಗಳು, ಬೈದದ್ದು ನನ್ನನ್ನು. ವಿಡಿಯೊ ತೋರಿಸುವ ಚಟವೂ ಸ್ವಲ್ಪ ದಿನ ಇತ್ತು. 2017ರ ಜುಲೈನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ಬಿ ಡಿವಿಷನ್ ಫೈನಲ್ ನಡೀತಲ್ಲ, ಭಾರತ ಕಜಕಿಸ್ತಾನವನ್ನು 75-73ರಲ್ಲಿ ಸೋಲಿಸಿದ್ದು, ಅದನ್ನು ತೋರಿಸಿದೆ. ಹುಡುಗಿಯರು ಸಿಳ್ಳೆ ಹೊಡೆದರು, ಒಬ್ಬಳು ಅತ್ತೇಬಿಟ್ಟಳು. ಮರುದಿನ ಬೆಳಿಗ್ಗೆ ಮತ್ತೆ ಅದೇ “ಅಕ್ಕಾ”, ಅದೇ ಪಾಸು.

ಸ್ಟಾರ್‌ಗಳನ್ನು ಕೂರಿಸೋದು ಅಮೆರಿಕದ ಕಾಲೇಜುಗಳಲ್ಲಿ ಹೊಸದೇನಲ್ಲ. 2023ರ ನವೆಂಬರಿನಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಕೋಚ್ ಕಿಮ್ ಮಲ್ಕಿ, ಅದೇ ವರ್ಷ ಚಾಂಪಿಯನ್ ಆಗಿದ್ದ ತಂಡದ ಏಂಜೆಲ್ ರೀಸ್‌ಳನ್ನು ಕೆಂಟ್ ಸ್ಟೇಟ್ ಮೇಲಿನ ಮ್ಯಾಚಿನ ಸೆಕೆಂಡ್ ಹಾಫ್ ಪೂರ್ತಿ ಕೂರಿಸಿದರು. ಆಮೇಲೆ ನಾಲ್ಕು ಮ್ಯಾಚ್ ಆಡಿಸಲೇ ಇಲ್ಲ, ಕಾರಣವನ್ನೂ ಬಿಡಿಸಿ ಹೇಳಲಿಲ್ಲ. ಅವರಿಗೆ ನಡೆಯುತ್ತೆ. ಅವರ ಬೆಂಚಿನಲ್ಲಿ ಇರುವವರೂ ಸ್ಕಾಲರ್‌ಶಿಪ್ ಮೇಲೆ ಬಂದವರು. ನಮ್ಮ ಬೆಂಚಿನಲ್ಲಿ ಇರುವವಳು ಅಡ್ಮಿಷನ್ ಆದ ಮೇಲೆ ಮೊದಲ ಸಲ ಚೆಂಡು ಮುಟ್ಟಿದವಳು. ಕಾರಣ ಹೇಳದೆ ಕೂರಿಸಿದರೆ ನಮ್ಮ ಕಡೆ ಮೊದಲು ಅಪ್ಪ ಬರುತ್ತಾರೆ, ಆಮೇಲೆ ಮಾವ.

ಹೋದ ವರ್ಷ ಮಾಡಿದ್ದು ಬೇರೆ. ಟೂರ್ನಮೆಂಟಿಗೆ ಸುಮಾರು ಒಂದು ತಿಂಗಳು ಇರುವಾಗಲೇ ಎಲ್ಲರನ್ನೂ ಕೂರಿಸಿ ಹೇಳಿದೆ: ಈ ಸಲ 7, 11 ಯಾವ ಮ್ಯಾಚಿನಲ್ಲೂ ಮೊದಲ ಕ್ವಾರ್ಟರ್ ಆಡೋದಿಲ್ಲ. ಎದುರಿಗೆ ಯಾರೇ ಇರಲಿ, ಸ್ಕೋರ್ ಎಷ್ಟೇ ಇರಲಿ. ಯಾವ ತಪ್ಪಿಗೂ ಅಲ್ಲ. 11 ಕೇಳಿದಳು, “ಮ್ಯಾಮ್, ಹತ್ತು ಸೊನ್ನೆ ಆದರೂನಾ?” ಇಪ್ಪತ್ತು ಸೊನ್ನೆ ಆದರೂ ಅಂದೆ. ಇಬ್ಬರ ಮನೆಗೂ ಅವತ್ತೇ ಫೋನ್ ಮಾಡಿದೆ. ಅಪ್ಪಂದಿರ ಭಯ ನಮಗೆಲ್ಲ ಗೊತ್ತಿರುವುದೇ: ಯೂನಿವರ್ಸಿಟಿ ಟೀಮ್ ಸೆಲೆಕ್ಷನ್ ಈ ಮ್ಯಾಚುಗಳನ್ನು ನೋಡಿಯೇ ಆಗುವುದು, ಸೌತ್ ಜೋನ್ ಇಂಟರ್ ಯೂನಿವರ್ಸಿಟಿ ಟೂರ್ನಮೆಂಟಿಗೆ ಹೋಗದಿದ್ದರೆ ಮಗಳ ಸ್ಪೋರ್ಟ್ಸ್ ಕೋಟಾ ಗತಿ ಏನು? ಮೂರು ಕ್ವಾರ್ಟರ್ ಅಂದರೆ ಮೂವತ್ತು ನಿಮಿಷ ಆಡುತ್ತಾಳೆ, ಸುಸ್ತಿಲ್ಲದ ಕಾಲಲ್ಲಿ ಆಡುತ್ತಾಳೆ, ನೋಡಿ ಸಾರ್ ಅಂದೆ. 7ರ ಅಪ್ಪ ಒಪ್ಪಿದರು. 11ರ ಅಪ್ಪ “ನೀವು ಹೇಳ್ತೀರಲ್ಲ ಅಂತ ಸುಮ್ನಿದ್ದೀನಿ” ಅಂದರು. ಅದೇನು ಒಪ್ಪಿಗೆಯಲ್ಲ, ನನಗೆ ಅಷ್ಟು ಸಾಕಿತ್ತು.

ಬೆಂಚಿನಲ್ಲಿ ಖಾಲಿ ಕೂರಿಸಿದರೆ ಟವೆಲ್ ತಲೆ ಮೇಲೆ ಹೋಗುತ್ತೆ. ಅದಕ್ಕೇ ಕೈಗೆ ಕೆಲಸ ಕೊಟ್ಟೆ. ಇಪ್ಪತ್ತು ರೂಪಾಯಿಯ ಎರಡು ನೋಟ್‌ಬುಕ್. ಪ್ರತಿ ಶಾಟಿಗೆ ಮುಂಚೆ ಎಷ್ಟು ಪಾಸ್ ಆಯಿತು ಅಂತ 7 ಗೀಟು ಹಾಕಬೇಕು. ಶಾಟ್ ಹೋದಾಗ ಯಾರು ಎದುರಾಳಿಯನ್ನು ಬೆನ್ನಿನಿಂದ ತಡೆದು ಬಾಕ್ಸ್ ಔಟ್ ಮಾಡಿದರು, ಯಾರು ಬಾಯಿ ಬಿಟ್ಟುಕೊಂಡು ಚೆಂಡು ನೋಡುತ್ತಾ ನಿಂತರು ಅಂತ 11 ಬರೆಯಬೇಕು. ಕ್ವಾರ್ಟರ್ ಮುಗಿದಾಗ ಮೊದಲು ಮಾತಾಡುವವರು ಅವರಿಬ್ಬರು, ಆಮೇಲೆ ನಾನು. ತಿಂಗಳಿಡೀ ಪ್ರಾಕ್ಟೀಸಿನಲ್ಲೂ ಹೀಗೇ. ಒಂದು ವಾರ ಆದ ಮೇಲೆ 11 ತಾನೇ ಬಂದು ಹೇಳಿದಳು: “ಮ್ಯಾಮ್, ನಾನೂ ಬಾಕ್ಸ್ ಔಟ್ ಮಾಡಲ್ಲ ಅಲ್ವಾ?” ಹೌದಮ್ಮ, ಎರಡು ವರ್ಷದಿಂದ ನಾನು ಅದನ್ನೇ ಹೇಳ್ತಿರೋದು ಅಂದೆ.

ಕೋರ್ಟಿನ ಗೆರೆ ದಾಟಿದ ಮೇಲೆ ಅಕ್ಕ ಅನ್ನೋದೂ ಬಂದ್. ನಂಬರ್ ಹಿಡಿದೇ ಕೂಗಬೇಕು. ನಮ್ಮ ಜೆರ್ಸಿಗಳು ಹಳೇ ಪದ್ಧತಿಯವು, 4ರಿಂದ 15. “ಏಯ್ ಸೆವೆನ್” ಅನ್ನಲು ಮಕ್ಕಳಿಗೆ ಬಾಯೇ ಬರುತ್ತಿರಲಿಲ್ಲ. ಅಕ್ಕ ಅಂದವಳು ಹತ್ತು ಪುಷ್ ಅಪ್ ಹೊಡೆಯಬೇಕು, ಜೊತೆಗೆ ಆ ಅಕ್ಕನೂ ಹೊಡೆಯಬೇಕು. ನಾಲ್ಕೇ ದಿನದಲ್ಲಿ ಸರಿಹೋಯಿತು.

ಲೀಗ್ ಕಂ ನಾಕ್ ಔಟ್ ಟೂರ್ನಮೆಂಟು, ಲೀಗ್‌ನಲ್ಲಿ ಒಂದು ಮ್ಯಾಚ್ ಸೋತ ಕೂಡಲೇ ಹೊರಗೆ ಬೀಳೋದಿಲ್ಲ. ಮೊದಲ ಮ್ಯಾಚಿನ ಮೊದಲ ಕ್ವಾರ್ಟರ್ ಕಣ್ಣಿಗೆ ಕಟ್ಟಿದ ಹಾಗಿದೆ. ಅರ್ಧ ಕ್ವಾರ್ಟರ್ ಆದರೂ ನಮ್ಮದು ಸೊನ್ನೆ. ಬಿ.ಕಾಂ. ಮೊದಲ ವರ್ಷದ 9 ಬಲಗಡೆ ಬೇಸ್‌ಲೈನ್‌ನಲ್ಲಿ ಚೆಂಡು ಹಿಡಿದು ನಿಂತಳು. ಎದುರಿಗೆ ಯಾರೂ ಇಲ್ಲ. ಅಭ್ಯಾಸಬಲ, ಬೆಂಚಿನ ಕಡೆ ತಿರುಗಿದಳು. 7 ತಲೆ ಎತ್ತಲಿಲ್ಲ, ಗೀಟು ಹಾಕುತ್ತಿದ್ದಳು. ಕಾಲ ಕೆಳಗೆ ಇಟ್ಟಿದ್ದ ನೀರಿನ ಬಾಟಲಿ ಮಾತ್ರ ಒದ್ದು ಬೀಳಿಸಿದಳು. 9 ಒಂದು ಡ್ರಿಬಲ್ ಮಾಡಿ ಎಸೆದಳು. ಬೋರ್ಡಿಗೆ ಜೋರಾಗಿ ಬಡಿದು ವಾಪಸ್ ಬಂತು. ತಾನೇ ಹಾರಿ ಹಿಡಿದು ಮತ್ತೆ ಎಸೆದಳು. ರಿಂಗಿನ ಮೇಲೆ ಒಂದು ಸುತ್ತು ಸುತ್ತಿ ಒಳಗೆ ಬಿತ್ತು. ಬೆಂಚಿನಿಂದ ಮೊದಲು ಎದ್ದು ಕಿರುಚಿದ್ದು 11, ಅವಳ ನೋಟ್‌ಬುಕ್ ಕೋರ್ಟಿನೊಳಗೆ ಹೋಗಿ ಬಿತ್ತು, ರೆಫ್ರಿ ನನಗೆ ವಾರ್ನಿಂಗ್ ಕೊಟ್ಟರು.

ಕ್ವಾರ್ಟರ್ ಮುಗಿದಾಗ 4-16 ಇರಬೇಕು. ಆ ಮ್ಯಾಚ್ ಸೋತೆವು, ಐದಾರು ಪಾಯಿಂಟ್‌ನಲ್ಲಿ. ಸಂಜೆ ಕಾಲೇಜಿನಿಂದ ಫೋನ್: “ಸೀಟು ಕೊಟ್ಟಿರೋದು ಆಡಿಸೋಕಾ, ಕೂರಿಸೋಕಾ?” ನಕ್ಕವರು ನಕ್ಕಿದ್ದು ಅವತ್ತೇ. ನಾನು ಬದಲಾಯಿಸಲಿಲ್ಲ. ಎರಡನೇ ಮ್ಯಾಚಿನ ಮೊದಲ ಕ್ವಾರ್ಟರ್ 7-12. ಸೆಮಿಯಲ್ಲಿ 9-11. ಫೈನಲ್‌ನಲ್ಲಿ ಎರಡೇ ಪಾಯಿಂಟ್ ಹಿಂದೆ.

ಎಲ್ಲರೂ ಕೇಳುವುದು ಇಲ್ಲೇ. ಮೊದಲ ಕ್ವಾರ್ಟರ್ ಅಷ್ಟೇ ಕೂರಿಸಿದರೆ ಏನು ಲಾಭ ಅಂತ. ಒಂದು ಲಾಭ ಸ್ಕೋರ್ ಶೀಟಿನಲ್ಲೇ ಕಾಣುತ್ತೆ. ಎದುರು ತಂಡದ ಕೋಚ್ 7ಕ್ಕೆ ಅಂತ ಪ್ಲಾನ್ ಮಾಡಿಕೊಂಡು ಬಂದಿರುತ್ತಾರೆ, 7 ಇರೋದೇ ಇಲ್ಲ. ಲೀಡ್ ಸಿಕ್ಕಿದ ಖುಷಿಗೆ ಅವರ ಸ್ಟಾರ್‌ಗಳು ಬಿಡುವಿಲ್ಲದೆ ಓಡುತ್ತಾರೆ, ನಮ್ಮ ಜೂನಿಯರ್‌ಗಳ ಮೇಲೆ ಬಿದ್ದು ಫೌಲ್ ಮಾಡಿಕೊಳ್ಳುತ್ತಾರೆ. ಫೈನಲ್‌ನ ಕೊನೆ ಕ್ವಾರ್ಟರ್ ಶುರುವಾದಾಗ ಅವರ ಬೆಸ್ಟ್ ಪ್ಲೇಯರ್ ಹೆಸರಿನಲ್ಲಿ ನಾಲ್ಕು ಫೌಲ್, ನಮ್ಮ 7ರ ಹೆಸರಿನಲ್ಲಿ ಒಂದು. ಐದನೆಯದಾದರೆ ಆಟ ಬಿಟ್ಟು ಹೊರಗೆ ಹೋಗಬೇಕಲ್ಲ ಅಂತ ಹೆದರಿ ಅವಳು 11ರ ಹತ್ತಿರವೇ ಬರಲಿಲ್ಲ. ದೊಡ್ಡ ಲಾಭ ಮಾತ್ರ 9ರಂಥವರದು. ಹತ್ತು ನಿಮಿಷ ಅಕ್ಕಂದಿರಿಲ್ಲದೆ ಬದುಕಿದವರು ಅಕ್ಕಂದಿರು ಬಂದ ಮೇಲೂ ಶಾಟ್ ಹೊಡೆಯುತ್ತಾರೆ. 7ರ ಮೇಲೆ ಇಬ್ಬರು ಬಿದ್ದಾಗ ಅವಳು ಈಗ ನಂಬಿ ಪಾಸ್ ಕೊಡುತ್ತಾಳೆ, ಯಾಕೆಂದರೆ ಯಾರ ಕೈ ಹೇಗಿದೆ ಅಂತ ಅವಳ ನೋಟ್‌ಬುಕ್‌ನಲ್ಲಿದೆ. ಫೈನಲ್ 51-46 ಆಯಿತು ಅಂತ ನೆನಪು. ಅದರಲ್ಲಿ 20ಕ್ಕೂ ಜಾಸ್ತಿ ಉಳಿದವರದು. ಇಬ್ಬರ ಸೆಲೆಕ್ಷನ್ನೂ ಆಯಿತು. 11ರ ಅಪ್ಪ ಮೈಸೂರ್ ಪಾಕ್ ಕಳಿಸಿದ್ದರು.

ಎರಡನೇ ಕ್ವಾರ್ಟರಿನಲ್ಲಿ ಇಬ್ಬರನ್ನೂ ಒಟ್ಟಿಗೆ ಇಳಿಸೋದಿಲ್ಲ. ಮೊದಲು ಯಾರು, ಎಷ್ಟು ನಿಮಿಷಕ್ಕೆ, ಏನು ನೋಡಿ ಇಳಿಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಮುಂದಿನ ಸೀಸನ್‌ಗೆ ನೀವೇ ಎದುರಿಗೆ ನಿಲ್ಲುತ್ತೀರಿ.

ಖರ್ಚಿನ ಮಾತು ಹೇಳಲೇಬೇಕು. ಬೆಂಚಿನವರು ಆಡಲು ಶುರು ಮಾಡಿದರೆ ಅವರಿಗೂ ಶೂಸ್ ಬೇಕು. ಸ್ಟಾರ್‌ಗಳ ಕಾಲಲ್ಲಿ ಐದಾರು ಸಾವಿರದ ಶೂಸ್, 9ರ ಕಾಲಲ್ಲಿ ಪಿಯುಸಿಯಲ್ಲಿ ತೆಗೆದುಕೊಂಡ ರನ್ನಿಂಗ್ ಶೂಸ್. ಪ್ರಾಕ್ಟೀಸಿನಲ್ಲಿ ಒಬ್ಬಳಿಗೆ ಹಿಮ್ಮಡಿ ಗಂಟು ಹೊರಳಿತು, ಎಕ್ಸ್‌ರೇ, ಕ್ರೇಪ್ ಬ್ಯಾಂಡೇಜ್ ಅಂತ ಸಾವಿರದ ಚಿಲ್ಲರೆ ನನ್ನ ಕೈಯಿಂದಲೇ. ನನ್ನ ಗೌರವಧನ ತಿಂಗಳಿಗೆ 14 ಸಾವಿರ, ಅದೂ ಎರಡು ತಿಂಗಳಿಗೊಮ್ಮೆ ಬರುತ್ತೆ. ಹಳೇ ವಿದ್ಯಾರ್ಥಿನಿಯರನ್ನು ಕಾಡಿ ಬೇಡಿ ಆರು ಜೊತೆ ಶೂಸ್ ತಂದೆ, ಒಂದಕ್ಕೆ 2,200ರಂತೆ, ಅಂಗಡಿಯವನ ಹತ್ತಿರ ಚೌಕಾಸಿ ಮಾಡಿ ಸಾಕ್ಸ್ ಫ್ರೀ. ಮೋಲ್ಟನ್ ಚೆಂಡು ಮ್ಯಾಚಿಗೆ ಮುಂಚಿನ ವಾರ ಮಾತ್ರ ಹೊರಗೆ ತೆಗೆಯುತ್ತೇನೆ. ಸಿಮೆಂಟ್ ಮೇಲೆ ಅದನ್ನು ದಿನಾ ಹೊಡೆದರೆ ಎರಡೇ ತಿಂಗಳಿಗೆ ಗ್ರಿಪ್ ಹೋಗಿ ಬೋಳಾಗುತ್ತೆ. ದಿನದ ಪ್ರಾಕ್ಟೀಸಿಗೆ ರಬ್ಬರ್ ನಿವಿಯಾ ಸಾಕು.

ಇದರ ನಡುವೆ ಬೇರೆ ಪ್ರಯೋಗಗಳೂ ನಡೆದವು. ನಮ್ಮ ಹುಡುಗಿಯರಿಗೆ ವಾರಕ್ಕೆರಡು ದಿನ ಗಂಡಸರ 7ನೇ ಸೈಜಿನ ಚೆಂಡು ಕೊಟ್ಟೆ. ಮತ್ತೆ 6ನೇ ಸೈಜು ಹಿಡಿದಾಗ ಕೈಯಲ್ಲಿ ಕಿತ್ತಳೆ ಹಣ್ಣು ಹಿಡಿದ ಹಾಗೆ ಆಡಿದರು. ಡ್ರಿಬಲ್ ಗಟ್ಟಿಯಾಯಿತು, ಶಾಟ್ ಮಾತ್ರ ಕೆಟ್ಟಿತು, ಫ್ರೀ ಥ್ರೋಗಳೆಲ್ಲ ರಿಂಗ್ ದಾಟಿ ಹೋಗುತ್ತಿದ್ದವು. ಅದಕ್ಕೇ ಈಗ ಶೂಟಿಂಗ್‌ಗೆ 6, ಹ್ಯಾಂಡ್ಲಿಂಗ್‌ಗೆ 7. ಮಾತಿಲ್ಲದ ಪ್ರಾಕ್ಟೀಸ್ ಅಂತ ಒಂದು ಮಾಡಿದೆ, ಯಾರೂ ಬಾಯಿ ಬಿಡಬಾರದು ಅಂತ. ಅರ್ಧ ಗಂಟೆಗೆ ಎಲ್ಲರಿಗೂ ನಗು ಬಂದು ಕೈಬಿಟ್ಟೆ. ಮನೆಯಿಂದ ಫ್ಲಾಸ್ಕಿನಲ್ಲಿ ರಾಗಿ ಮಾಲ್ಟ್ ತಂದು ಕೊಟ್ಟೆ, ಬಿಸಿಲಿಗೆ ಹಾಲು ಒಡೆದು ಹೋಯಿತು. ಈಗ ಬಾಳೆಹಣ್ಣು, ನಿಂಬೆ ಪಾನಕ, ಅಷ್ಟೇ. ಪಕ್ಕದ ಹೈಸ್ಕೂಲಿನ ಹುಡುಗರ ಮೇಲೆ ನಮ್ಮ ಬೆಂಚಿನ ಐವರನ್ನು ಆಡಿಸಿದ್ದು ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಆ ಹುಡುಗರ ಸ್ಪೀಡಿನ ಮುಂದೆ ಯಾವ ಕಾಲೇಜು ಕೋರ್ಟ್ ತುಂಬಾ ಮೈಮೇಲೆ ಬಿದ್ದು ಹಾಕುವ ಪ್ರೆಸ್ಸೂ ದೊಡ್ಡದಾಗಿ ಕಾಣಲಿಲ್ಲ. ಆಟ ಆದ ಮೇಲೆ ಎಲ್ಲರಿಗೂ ಇಡ್ಲಿ ವಡೆ ಕೊಡಿಸಬೇಕಾಯಿತು, ಒಂದು ಸಲಕ್ಕೆ 900 ರೂಪಾಯಿ. ಹುಡುಗರು ಎಷ್ಟು ತಿನ್ನುತ್ತಾರೆ ಅಂತ ಗೊತ್ತಿರಲಿಲ್ಲ.

ಇದನ್ನು ಹೈಸ್ಕೂಲ್ ಮಕ್ಕಳ ಮೇಲೆ ಮಾಡಬಹುದಾ ಅಂತ ಒಬ್ಬರು ಕೇಳಿದ್ದರು. ಬೇಡ. ಆ ವಯಸ್ಸಿನಲ್ಲಿ ಕೂತ ಮಗುವಿಗೆ ಅವಮಾನ ಅನ್ನಿಸುತ್ತೆ, ನೋಟ್‌ಬುಕ್ ಕೊಟ್ಟರೂ ಅನ್ನಿಸುತ್ತೆ. ನಿಮ್ಮ ತಂಡದಲ್ಲಿ ಏಳೇ ಜನ ಇದ್ದರೂ ಬೇಡ. ಒಬ್ಬಳಿಗೆ ಗಾಯ ಆದರೆ ನೀವು ಹೇಳಿದ ಮಾತು ನೀವೇ ಮುರಿಯಬೇಕಾಗುತ್ತೆ, ಒಂದು ಸಲ ಮುರಿದರೆ ಮುಂದಿನ ಮ್ಯಾಚಿನಿಂದ ಎಲ್ಲರೂ ಮತ್ತೆ ಬೆಂಚಿನ ಕಡೆಯೇ ನೋಡುತ್ತಾರೆ. ಒಂಬತ್ತು ಜನ ಖಾಯಂ ಪ್ರಾಕ್ಟೀಸಿಗೆ ಬರುತ್ತಿದ್ದರೆ ಧೈರ್ಯವಾಗಿ ಮಾಡಿ. ಮೊದಲ ಮ್ಯಾಚ್ ಸೋಲುತ್ತೀರಿ, ಅದಕ್ಕೇ ಲೀಗ್ ಇರುವ ಟೂರ್ನಮೆಂಟನ್ನೇ ಆರಿಸಿಕೊಳ್ಳಿ. ನೇರ ನಾಕ್ ಔಟ್ ಆಗಿದ್ದರೆ ನಾನೂ ಇದಕ್ಕೆ ಕೈ ಹಾಕುತ್ತಿರಲಿಲ್ಲ.