ಕಂದು ಜಿಗಿಹುಳು ಗುರುತಿಸಲು ಬಣ್ಣವಲ್ಲ, ಹಿಂಗಾಲು ನೋಡಿ

ಭತ್ತದ ಬುಡದಲ್ಲಿ ಕಾಣುವ ಕಂದು ಹುಳುವೆಲ್ಲ ಕಂದು ಜಿಗಿಹುಳುವಲ್ಲ. ಬಿಳಿಬೆನ್ನಿನ ಜಿಗಿಹುಳುವಿನ ಮರಿಗಳೂ ರೆಕ್ಕೆ ಗಿಡ್ಡವಾದ ಹೆಣ್ಣುಗಳೂ ಕಣ್ಣಿಗೆ ಹಾಗೆಯೇ ಕಾಣುತ್ತವೆ. ಅದಕ್ಕೇ ನಾನು ಬಣ್ಣವನ್ನು ಕೊನೆಗೆ ನೋಡುತ್ತೇನೆ.

ಹುಳು ಹಿಡಿಯುವಾಗ ಬಲೆ ಬೀಸುವುದಿಲ್ಲ. ಬಲೆಗೆ ಎಲೆಯ ಮೇಲಿನವೇ ಹೆಚ್ಚಾಗಿ ಸಿಗುವುದು. ಜಿಗಿಹುಳು ಕೂತಿರುವುದು ತೆಂಡೆಗಳ ಬುಡದಲ್ಲಿ, ನೀರಿನ ಮಟ್ಟಕ್ಕಿಂತ ತುಸು ಮೇಲೆ. ಬುಡಕ್ಕೆ ಬಿಳಿ ತಟ್ಟೆ ಒರಗಿಸಿ, ಗಿಡವನ್ನು ಬಗ್ಗಿಸಿ ತಟ್ಟಿ, ಬಿದ್ದದ್ದನ್ನು ಆಸ್ಪಿರೇಟರ್ ಎಂಬ ಹೀರು ಕೊಳವೆಯಿಂದ ಹೀರಿಕೊಳ್ಳಬೇಕು. ಗಂಡು ಹುಳು ಸಾಕಷ್ಟು ಬೇಕು, ಪ್ರಭೇದದ ತೀರ್ಪು ಅವುಗಳಿಂದಲೇ. ಹುಳು ಕೆಡದಂತಿಡಲು 70% ಎಥನಾಲ್ ಸಾಕು. ಡಿಎನ್‌ಎ ತೆಗೆಯುವ ಯೋಚನೆ ಇದ್ದರೆ 95%. ಊರು, ದಿನಾಂಕ, ಯಾವ ಗಿಡ ಎಂಬುದನ್ನು ಪೆನ್ಸಿಲ್‌ನಲ್ಲೇ ಬರೆದು ಸೀಸೆಯೊಳಗೇ ಹಾಕುತ್ತೇನೆ, ಬಾಲ್‌ಪೆನ್ ಶಾಯಿ ಎಥನಾಲ್‌ನಲ್ಲಿ ಕರಗಿ ಹೋಗುತ್ತದೆ. ದೀಪದ ಬಲೆಗೆ ಬಿದ್ದವು ಉದ್ದ ರೆಕ್ಕೆಯವು, ಜೊತೆಗೆ ಯಾವ ಗಿಡದಿಂದ ಬಂದವೆಂದು ಗೊತ್ತಾಗುವುದಿಲ್ಲ.

ಸೂಕ್ಷ್ಮದರ್ಶಕದಡಿ ಮೊದಲು ಮೀಸೆ (ಆಂಟೆನಾ). ಅದು ಕಣ್ಣಿನ ಕೆಳಗೆ, ಕೆನ್ನೆಯ ಮೇಲೆ ಹುಟ್ಟಿದ್ದು ಎರಡನೇ ಗೆಣ್ಣು ದಪ್ಪವಾಗಿರಬೇಕು. ಹಸಿರು ಜಿಗಿಹುಳುವಿನಲ್ಲಿ ಮೀಸೆ ಕೂದಲೆಳೆಯಷ್ಟು ಸಣ್ಣದು, ಹಿಂಗಾಲಿನ ಟಿಬಿಯಾದ (ಮೊಣಕಾಲಿನ ಕೆಳಗಿನ ಉದ್ದ ಭಾಗ) ಉದ್ದಕ್ಕೂ ಮುಳ್ಳಿನ ಸಾಲು. ಕಂದು ಜಿಗಿಹುಳುವಿನ ಟಿಬಿಯಾ ತುದಿಯಲ್ಲಿ ಅಲುಗಾಡುವ ದೊಡ್ಡ ಮುಳ್ಳು, ಅಂದರೆ ಕ್ಯಾಲ್ಕರ್ ಇರುತ್ತದೆ. ಅದಿದ್ದರೆ ಕಂದು, ಬಿಳಿಬೆನ್ನಿನ ಎರಡೂ ಸೇರಿದ ಡೆಲ್ಫಾಸಿಡೇ ಕುಟುಂಬ.

ಆಮೇಲೆ ಹಿಂಗಾಲಿನ ಟಾರ್ಸಸ್‌ನ (ಪಾದದ) ಮೊದಲ ಗೆಣ್ಣು. ಅದರ ಬದಿಯಲ್ಲಿ ಒಂದೋ ಕೆಲವೋ ಮುಳ್ಳಿದ್ದರೆ ನಿಲಪರ್ವತ ಕುಲ. ತುದಿಯ ಮುಳ್ಳಿನ ಸಾಲು ಡೆಲ್ಫಾಸಿಡ್‌ಗಳಿಗೆಲ್ಲ ಇರುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡವರು ಎಡವುತ್ತಾರೆ. ಕಾಲಿಗೆ ಕೊಳೆ ಅಂಟಿದ್ದರೂ ಮುಳ್ಳು ಮುಚ್ಚಿಹೋಗುತ್ತದೆ. ಎಥನಾಲ್‌ನಲ್ಲಿ ಸಣ್ಣ ಕುಂಚದಿಂದ ಒರೆಸಿ, ಎರಡೂ ಕಾಲು ನೋಡಿ. (ಹೆಸರು ಕೇಳಿದರೆ ನೀಲಪರ್ವತ ನೆನಪಾಗುತ್ತದೆ, ಹುಳುವಿನಲ್ಲಿ ನೀಲಿ ಎಲ್ಲೂ ಇಲ್ಲ.)

ಕುಲ ಸಿಕ್ಕಿತೆಂದು ಪ್ರಭೇದ ಸಿಗಲಿಲ್ಲ. ಕಂದು ಜಿಗಿಹುಳು ಅಂದರೆ ನಿಲಪರ್ವತ ಲುಗೆನ್ಸ್, ಅದನ್ನು ಸ್ವೀಡನ್ನಿನ ಕೀಟತಜ್ಞ ಸ್ಟಾಲ್ 1854ರಲ್ಲಿ ವಿವರಿಸಿದ್ದು. ಲೀರ್ಸಿಯಾ ಹುಲ್ಲಿನ ಮೇಲಿರುವ ನಿಲಪರ್ವತ ಬೇಕೆರಿ ಎಂಬ ಪ್ರಭೇದ ಹೊರಗಿನಿಂದ ಅದರಂತೆಯೇ. ಇಲ್ಲಿ ತೀರ್ಪು ಗಂಡಿನ ಜನನಾಂಗದ್ದು. ಹೊಟ್ಟೆಯನ್ನು ಸಣ್ಣ ಸೂಜಿಯಿಂದ ಬೇರ್ಪಡಿಸಿ, ಒಳಗಿನ ಮಾಂಸ ಕರಗಲು 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ರಾತ್ರಿಯಿಡೀ ಬಿಡುತ್ತೇನೆ. ಅವಸರಕ್ಕೆ ನೇರ ಬೆಂಕಿಗೆ ಹಿಡಿದರೆ ದ್ರವ ಚಿಮ್ಮಿ ಹೊಟ್ಟೆಯೇ ಕಾಣೆಯಾಗುತ್ತದೆ. ತೀರಾ ಹೆಚ್ಚು ಹೊತ್ತು ಬಿಟ್ಟರೆ ಪೊರೆಯೆಲ್ಲ ಗಾಜಿನಂತೆ ಪಾರದರ್ಶಕವಾಗಿ ಅಂಚೇ ಕಾಣುವುದಿಲ್ಲ. ಎರಡು ಮೂರು ಸಲ ನೀರಿನಲ್ಲಿ ತೊಳೆದು ಗ್ಲಿಸರಿನ್‌ಗೆ ಹಾಕಬೇಕು.

ಪೈಗೋಫರ್ (ಜನನಾಂಗದ ಹೊರಕವಚ), ಪ್ಯಾರಾಮೀರ್ (ಹಿಡಿಕೆಯಂಥ ಜೋಡಿ ಅಂಗ), ಇಡಿಯಗಸ್ (ಶಿಶ್ನ) ಮೂರರ ಚಿತ್ರವನ್ನೂ ಹಿಂದಿನಿಂದ, ಬದಿಯಿಂದ ಎರಡು ಕೋನದಲ್ಲಿ ಬರೆಯುತ್ತೇನೆ. ತುಸು ತಿರುಗಿದರೂ ಪ್ಯಾರಾಮೀರ್ ತುದಿಯ ಆಕಾರ ಬೇರೆಯೇ ಕಾಣುತ್ತದೆ. ಗ್ಲಿಸರಿನ್ ಜೆಲ್ಲಿಯಲ್ಲಿ ನಿಲ್ಲಿಸಿದರೆ ಆ ತಾಪತ್ರಯ ಇಲ್ಲ. ಬಿಳಿಬೆನ್ನಿನದರಲ್ಲಿ ಪ್ಯಾರಾಮೀರ್ ತುದಿ ಕವಲೊಡೆದಿರುತ್ತದೆ, ಅದರ ಫರ್ಸಿಫೆರಾ ಎಂಬ ಹೆಸರಿಗೂ ಕವಲು ಹೊತ್ತದ್ದೆಂದೇ ಅರ್ಥ.

ಕೊನೆಗೆ ಹೊಟ್ಟೆಯನ್ನು ಗ್ಲಿಸರಿನ್ ತುಂಬಿದ ಪುಟ್ಟ ಸೀಸೆಯಲ್ಲಿಟ್ಟು ಅದೇ ಹುಳುವಿನ ಪಿನ್ನಿಗೆ ಚುಚ್ಚುತ್ತೇನೆ. ಹೆಣ್ಣು ಮಾತ್ರ ಸಿಕ್ಕ ದಿನ ನನ್ನ ಚೀಟಿಯಲ್ಲಿ ಕುಲದ ಹೆಸರಷ್ಟೇ ಇರುತ್ತದೆ.